ಅಂಗಿಯ ಮೇಲಿನ ಉಪ್ಪು

ನನ್ನ ಗಂಡನಿಗೆ ತನ್ನ ಬೆವರಿನ ಮೇಲಿರುವಷ್ಟು ನಂಬಿಕೆ ಯಾವ ಡಾಕ್ಟರ ಮೇಲೂ ಇಲ್ಲ. ಉಡುಪಿಯಲ್ಲಿ ಹುಟ್ಟಿ ಬೆಳೆದವರು. ಅಂಗಿ ಬೆನ್ನಿಗೆ ಅಂಟಿದರೆ ಸೆಕೆ, ಅಂಟದಿದ್ದರೆ ತಂಪು, ಮುಗಿಯಿತು. ಕೆಲಸಕ್ಕೆಂದು ಈ ಅರಬ್ ನಾಡಿನ ಬರ್ಕಾಕ್ಕೆ ಬಂದು ಇಷ್ಟು ವರ್ಷವಾದರೂ ಆ ನಂಬಿಕೆ ಸಡಿಲವಾಗಿರಲಿಲ್ಲ. ಬರ್ಕಾವೂ ಕಡಲ ತೀರವೇ ತಾನೆ, ಅಲ್ಲಿಯೂ ಅಂಗಿ ಅಂಟುತ್ತದೆ.

ಕಳೆದ ಚಳಿಗಾಲದ ರಜೆಯಲ್ಲಿ ದುಕ್ಮ್ ಎಂಬ ದೂರದ ಊರಿನ ಕಡೆಗೆ ಹೋದೆವು. ಅಲ್ಲಿಂದ ಒಳಗೆ, ಮರುಭೂಮಿಯಲ್ಲಿ, ಗಾಳಿ ಕೊರೆದ ಮರಳುಗಲ್ಲಿನ ಬಂಡೆಗಳಿವೆ. ನಡುವೆ ಒಂದು ಕಮಾನು. ಅದರ ಕೆಳಗೆ ನಿಂತು ಫೋಟೋ ತೆಗೆಸಿಕೊಳ್ಳಬೇಕೆಂದು ಇವರು ವಾರದಿಂದ ಕುಣಿಯುತ್ತಿದ್ದರು.

ಮಗಳು ಶಾಲೆಯ ಚಾರಣ ತಂಡದಲ್ಲಿದ್ದಾಳೆ. "ಇವತ್ತು ನೀನೇ ಲೀಡರ್" ಎಂದು ಇವರೇ ದೊಡ್ಡ ಮನಸ್ಸು ಮಾಡಿ ಹೇಳಿದ್ದು. ಲೀಡರು ಬೆಳಕು ಹರಿಯುವಾಗಲೇ ಎಬ್ಬಿಸಿದಳು, ಯಾವ ದಾರಿ ಹಿಡಿಯುತ್ತೇವೆಂದು ಹೋಟೆಲಿನವರಿಗೆ ತಿಳಿಸಿದಳು, ನೀರು ಅರ್ಧ ಮುಗಿದರೆ ಎಲ್ಲಿದ್ದರೂ ವಾಪಸ್ ಎಂದಳು. ಇವರು ಎಲ್ಲಕ್ಕೂ ತಲೆಯಾಡಿಸಿ, ತಮ್ಮ ಚೀಲದ ದೊಡ್ಡ ಬಾಟಲಿಯನ್ನು ಮೆಲ್ಲಗೆ ಕಾರಿನಲ್ಲೇ ಬಿಟ್ಟು, ಆ ಜಾಗಕ್ಕೆ ಚಕ್ಕುಲಿ ಡಬ್ಬಿ ತುಂಬಿಕೊಂಡರು!

ನಡೆಯುವಾಗ ನೀರು ಕುಡಿಯಿರಿ ಎಂದರೆ ಬೆನ್ನು ತೋರಿಸುವುದು. "ನೋಡು, ಒಂದು ತೊಟ್ಟು ಬೆವರಿಲ್ಲ. ಎಂಥ ಬಾಯಾರಿಕೆ ಮಾರಾಯ್ತಿ?"

ಕಮಾನು ಕಣ್ಣಿಗೆ ಬಿದ್ದ ಮೇಲೆ ಇವರ ಮಾತು ನಿಂತಿತು. ಮಾತು ನಿಲ್ಲುವ ಜನವಲ್ಲ ಇದು. ಸಮತಟ್ಟಾದ ಕಲ್ಲಿನ ಮೇಲೆ ಕಾಲು ತೊಡರಿತು. ಮಗಳು ಓಡಿಬಂದು ತಂದೆಯ ನೀಲಿ ಅಂಗಿಯ ಬೆನ್ನನ್ನು ಮುಟ್ಟಿ ನೋಡಿದಳು. ಅಲ್ಲಿ ಬಿಳಿ ಗೆರೆಗಳಿದ್ದವು.

"ಪಪ್ಪಾ, ಸ್ಟಾಪ್. ದಿಸ್ ಈಸ್ ಸಾಲ್ಟ್."

ಬೆವರು ಬಂದಿತ್ತು. ಅಂಗಿ ಒದ್ದೆಯಾಗುವ ಮೊದಲೇ ಒಣಗಾಳಿ ಅದನ್ನು ಕುಡಿದುಬಿಟ್ಟಿತ್ತು. ಬಂಡೆಯ ನೆರಳಲ್ಲಿ ಕೂರಿಸಿ, ನನ್ನ ದುಪಟ್ಟಾ ಒದ್ದೆ ಮಾಡಿ ಕುತ್ತಿಗೆಗೆ ಸುತ್ತಿ, ಗುಟುಕು ಗುಟುಕಾಗಿ ಕುಡಿಸಿದಳು. ಅಷ್ಟಕ್ಕೆ ನಮ್ಮ ನೀರು ಅರ್ಧಕ್ಕಿಳಿಯಿತು.

"ಖಲಾಸ್. ವಿ ಆರ್ ಗೋಯಿಂಗ್ ಬ್ಯಾಕ್."

"ಕಮಾನು ಇಲ್ಲೇ ಉಂಟಲ್ಲ ಮಗಾ! ಇಷ್ಟು ದೂರ ಬಂದು..." ಇವರು ನನ್ನ ಮುಖ ನೋಡಿದರು. ಮನೆಯಲ್ಲಿ ಕೊನೆಯ ಮಾತು ನನ್ನದು. ಅಂದು ನಾನು ಮಗಳ ಕಡೆಗೆ ಕೈ ತೋರಿಸಿದೆ. ಲೀಡರ್ ಮಾಡಿದ ಮೇಲೆ ಅವಳ ಮಾತೇ ನಡೆಯಬೇಕು.

ನಾವು ಏನು ಕೇಳಿದರೂ ಇಂಗ್ಲಿಷಿನಲ್ಲೇ ಉತ್ತರಿಸುವ ಮಗಳು ಕನ್ನಡದಲ್ಲಿ ಹೇಳಿದಳು: "ಬೇಡ ಪಪ್ಪಾ. ನನಗೆ ಹೆದರಿಕೆ ಆಗ್ತಾ ಉಂಟು."

ಇವರು ಕಮಾನಿಗೆ ಬೆನ್ನು ಹಾಕಿ ಎದ್ದರು. ಅವಳು ಮುಂದೆ, ಇವರು ಹಿಂದೆ, ನೆರಳಿದ್ದಲ್ಲೆಲ್ಲ ನಿಂತು ನಿಂತು ನಡೆದೆವು. ನನಗೆ ಹೆಮ್ಮೆಯಾಯಿತು, ಮುಚ್ಚಿಡುವುದೇಕೆ? ಹೆದರಿಕೆಯಾಗಿದೆ ಎಂದು ತಂದೆಯ ಮುಖಕ್ಕೇ ಹೇಳಿ, ಆ ತಂದೆಯನ್ನೇ ಕಾರಿನವರೆಗೆ ತಲುಪಿಸಿದಳು. ಕಾರಿನಲ್ಲಿ ಬಿಟ್ಟುಬಂದ ಬಾಟಲಿ ಸಿಕ್ಕಿತು. ಇವರು ಅದನ್ನೆತ್ತಿ ಕುಡಿದರು.

ಬರ್ಕಾಕ್ಕೆ ಮರಳಿದ ಮೇಲೆ ನಮ್ಮ ಊರಿನ ಗೆಳೆಯರು ಕಮಾನಿನ ಫೋಟೋ ತೋರಿಸಿ ಎಂದು ಕಾಡಿದರು. ಇವರು ಫೋನು ತೆಗೆದು, ದಾರಿಯಲ್ಲಿ ನಾನು ಹಿಂದಿನಿಂದ ತೆಗೆದದ್ದನ್ನು ತೋರಿಸಿದರು. ಉಪ್ಪು ಕಟ್ಟಿದ ಅಂಗಿಯ ಬೆನ್ನು, ಅದರ ಮುಂದೆ ಮಗಳು.

"ಕಮಾನು ಎಲ್ಲಿ ಮಾರ್ರೆ?"

"ಅದು ಅಲ್ಲೇ ಉಂಟು" ಎಂದರು ಇವರು. "ನನ್ನನ್ನು ವಾಪಸ್ ಕರ್ಕೊಂಡು ಬಂದವಳು ಇವಳು, ಇವಳನ್ನು ನೋಡಿ."