ಸ್ಕಾಟ್ಲೆಂಡಿನ ಹಳ್ಳಿಯಲ್ಲಿದ್ದ ವೀರಗಲ್ಲು

ದುಬೈ ಕನ್ನಡಿಗರ ನಡುವೆ ಕಥೆ ಹೀಗೆ ಓಡಾಡುತ್ತಿದೆ: ಬ್ರಿಟಿಷರು ಹೊತ್ತೊಯ್ದಿದ್ದ ನಮ್ಮ ವೀರಗಲ್ಲನ್ನು ಧಾರವಾಡದ ಹುಡುಗಿಯೊಬ್ಬಳು ವಾದ ಮಾಡಿ ಬಿಡಿಸಿಕೊಂಡು ಬಂದಳು. ಇದಕ್ಕಾಗಿ ನನಗೆ ಶಾಲು, ಹಣ್ಣಿನ ಬುಟ್ಟಿ ಎಲ್ಲ ಸಿಕ್ಕಿವೆ. ನನ್ನ ಆಕ್ಷೇಪ ಎರಡು. ಕಲ್ಲು ಬಂದದ್ದು ಕರ್ನಾಟಕಕ್ಕಲ್ಲ, ದುಬೈಯ ಜುಮೇರಾ ಬಡಾವಣೆಯ ಒಂದು ವಿಲ್ಲಾಕ್ಕೆ. ಮತ್ತು ನಾನು ಅದನ್ನು ಬಿಡಿಸಿಕೊಂಡದ್ದು ಬ್ರಿಟಿಷ್ ಸಾಮ್ರಾಜ್ಯದಿಂದಲ್ಲ, ಒಬ್ಬ ಮುದುಕಿಯಿಂದ.

ಎರಡು ವರ್ಷದ ಹಿಂದೆ ನಾನು ಬರ್ ದುಬೈಯ ಸಣ್ಣ ಕಂಪನಿಯೊಂದರಲ್ಲಿ ರಿಸರ್ಚ್ ಅಸೋಸಿಯೇಟ್ ಆಗಿದ್ದೆ. ಸ್ಕಾಟ್ಲೆಂಡಿನ ಹಳೆಯ ಕೋಟೆಮನೆ, ಎಸ್ಟೇಟ್ ಬಂಗಲೆಗಳನ್ನು ಕೊಳ್ಳುವ ಇಲ್ಲಿನ ಶ್ರೀಮಂತರಿಗೆ ಆ ಮನೆಗಳ ಇತಿಹಾಸ ಬರೆದುಕೊಡುವುದು ನಮ್ಮ ಕೆಲಸ. ಯಾವ ಗೋಪುರ ನಿಜಕ್ಕೂ ಹಳೆಯದು, ಯಾವುದು ಮೊಮ್ಮಗ ಶೋಕಿಗೆ ಕಟ್ಟಿಸಿದ್ದು, ಯಾವ ವಸ್ತು ಎಲ್ಲಿಂದ ಬಂತು ಎಂದು ಪತ್ತೆಮಾಡಬೇಕು. ಸ್ಕಾಟ್ಲೆಂಡನ್ನು ನಾನು ಕಂಡವಳೇ ಅಲ್ಲ. ಫೋಟೊ, ಸ್ಕ್ಯಾನ್, ವಿಡಿಯೊ ಕಾಲ್, ಅಷ್ಟೇ. ಅಲ್ಲಿನ ಪ್ರತಿ ಮನೆಗೂ ಒಂದು ದೆವ್ವ, ಯಾವುದೋ ರಾಣಿ ಮಲಗಿದ ಒಂದು ಮಂಚ ಇದ್ದೇ ಇರುತ್ತದೆ. ಕಾಲೇಜಿನ ಚರ್ಚಾಸ್ಪರ್ಧೆಗಳಲ್ಲಿ ಕಪ್ ಗೆದ್ದವಳಿಗೆ ಇಂಥ ಕಥೆಗಳನ್ನೆಲ್ಲ ಸುಳ್ಳೆಂದು ತೋರಿಸುವುದು ಸಂಬಳ ಸಿಗುವ ಮೋಜು.

ಈ ಮನೆ ಗುಡ್ಡಗಾಡಿನ ಹಳ್ಳಿಯೊಂದರ ಅಂಚಿನದು. ಬ್ರಿಟಿಷರ ಮದ್ರಾಸ್ ಸೈನ್ಯದಲ್ಲಿದ್ದ ಅಧಿಕಾರಿಯೊಬ್ಬ ಊರಿಗೆ ಮರಳಿ ಕಟ್ಟಿಸಿದ್ದು. ಎಸ್ಟೇಟಿನೊಳಗಿನ ಹಳೆಯ ಚಾಪೆಲ್, ಅಂದರೆ ಪುಟ್ಟ ಪ್ರಾರ್ಥನಾ ಮಂದಿರದ ಪಕ್ಕ ಕೆತ್ತನೆಯ ಕಲ್ಲೊಂದು ನಿಂತಿತ್ತು. ಅಧಿಕಾರಿಯ ಜೊತೆ ಬಂದ ಭಾರತದ ಸೇವಕ ಮೊದಲ ಚಳಿಗಾಲದಲ್ಲೇ ತೀರಿಕೊಂಡ, ಇದು ಅವನ ಸಮಾಧಿ ಎಂದು ಹಳ್ಳಿಯವರು ನಂಬಿದ್ದರು. ಹೆಸರು ಯಾರಿಗೂ ಗೊತ್ತಿರಲಿಲ್ಲ. ಆದರೂ ಯುದ್ಧದಲ್ಲಿ ಮಡಿದ ತಮ್ಮೂರಿನವರನ್ನು ನೆನೆಯುವ ದಿನ ಅವನಿಗೂ ಹೂ ಇಡುತ್ತಿದ್ದರು.

ಮನೆ ಕೊಳ್ಳುತ್ತಿದ್ದ ಉದ್ಯಮಿ ನಮ್ಮ ಕರಾವಳಿಯವರೇ. ಫೋಟೊ ನೋಡಿದ ಕೂಡಲೇ ಕಲ್ಲು ತಮ್ಮ ದುಬೈ ಮನೆಗೆ ಬೇಕೆಂದರು. ಸಮಾಧಿಯಾದರೆ ಅಲ್ಲಿನ ಕಾನೂನಿನಂತೆ ಅದನ್ನು ಸುಲಭಕ್ಕೆ ಕದಲಿಸುವಂತಿಲ್ಲ; ತೋಟದ ಅಲಂಕಾರವಾದರೆ ಮನೆಯ ಜೊತೆಗೇ ಮಾರಾಟ. ಎರಡರಲ್ಲಿ ಯಾವುದೆಂದು ನಾನು ಹೇಳಬೇಕಿತ್ತು.

“ಇದಕ್ಕೇನ್ ರಿಸರ್ಚ್ ಬೇಕವಾ?” ಎಂದರು ಮ್ಯಾನೇಜರ್, ಬಾಗಲಕೋಟೆಯ ಪಾಟೀಲ್ ಸರ್. “ವೀರಗಲ್ಲ ಅನ್ನೋದು ಎದ್ದ ಕಾಣಸ್ತದ. ಯಲ್ಲಾ, ಲಗೂನ ಬರದು ಮುಗಸು.”

ವಿಡಿಯೊ ಕಾಲ್‌ನಲ್ಲಿ ಮಾರಾಟಗಾರರ ವಕೀಲನಿದ್ದ. ಹಳ್ಳಿಯ ಪರವಾಗಿ ಚಾಪೆಲ್ ನೋಡಿಕೊಳ್ಳುವ ಮೋರಾಗ್ ಇದ್ದರು, ಎಪ್ಪತ್ತು ದಾಟಿದಾಕೆ. ನಾನು ಕೆತ್ತನೆಯ ಮೂರು ಪಟ್ಟಿಗಳನ್ನು ವಿವರಿಸಿದೆ. ಕೆಳಗೆ ದನಗಳಿಗಾಗಿ ಕಾದಾಟ, ನಡುವೆ ಸತ್ತ ವೀರನನ್ನು ಒಯ್ಯುವ ಅಪ್ಸರೆಯರು, ಮೇಲೆ ಲಿಂಗದೆದುರು ಕುಳಿತ ವೀರ. ಅಧಿಕಾರಿ ಹುಟ್ಟುವುದಕ್ಕೆ ಶತಮಾನಗಳ ಮೊದಲೇ, ಬೇರೊಬ್ಬನಿಗಾಗಿ, ನಮ್ಮ ನಾಡಿನಲ್ಲಿ ಕಡೆದ ಕಲ್ಲು ಇದು, ಇಂಥವು ಅಲ್ಲಿ ಊರೂರಿಗೂ ಇವೆ, ಅಧಿಕಾರಿ ಒಂದನ್ನು ತೋಟದ ಅಲಂಕಾರಕ್ಕೆ ತಂದಿದ್ದಾನೆ ಎಂದೆ.

“ನನ್ನಜ್ಜಿ ಹೇಳುತ್ತಿದ್ದರು...” ಎಂದು ಮೋರಾಗ್ ಶುರುಮಾಡಿದರು.

“ಹೂಳಿದ್ದನ್ನು ಅವರು ಕಂಡಿದ್ದರೇ?”

“ಇಲ್ಲ.”

“ಅವರ ಅಜ್ಜಿ?”

ವಕೀಲ ನಕ್ಕುಬಿಟ್ಟ. ಮೋರಾಗ್ ಕೂಡ ನಗಲು ನೋಡಿದರು, ಆಗಲಿಲ್ಲ. “ಆ ಕಲ್ಲು ಹೋದರೆ ಅವನು ಎಲ್ಲಿದ್ದಾನೆಂದು ನಮಗೆ ಗುರುತೇ ಉಳಿಯುವುದಿಲ್ಲ,” ಎಂದಷ್ಟೇ ಹೇಳಿದರು.

ಕಾಲ್ ಮುಗಿದಾಗ ಪಕ್ಕದ ಕುರ್ಚಿಯ ಲವೀನಾ, ಮಂಗಳೂರಿನವಳು, ನನ್ನ ಕಡೆ ತಿರುಗಿದಳು. “ಎಂತ ಮಾರಾಯ್ತಿ, ಪಾಪದ ಅಜ್ಜಿಯನ್ನು ಕಟಕಟೆಯಲ್ಲಿ ನಿಲ್ಲಿಸಿದ ಹಾಗೆ ಮಾಡಿದಿಯಲ್ಲ!”

“ಅವರ ಹತ್ರ ಎವಿಡೆನ್ಸ್ ಇಲ್ಲ.”

“ನಿನ್ನತ್ರ ಉಂಟಾ? ಅಡಿಯಲ್ಲಿ ಯಾರಾದ್ರೂ ಅಗೆದು ನೋಡಿದ್ದಾರಾ?”

“ಖಲಾಸ್ ಲವೀನಾ, ಕೆಲಸ ನೋಡು.”

ಅವಳು ಹೇಳುವ ಮೊದಲೇ ನನಗದು ಗೊತ್ತಿತ್ತು. ಕಲ್ಲು ಹಳೆಯದು ಎಂದ ಮಾತ್ರಕ್ಕೆ ಅದರ ಕೆಳಗೆ ಯಾರೂ ಇಲ್ಲ ಎಂದಾಗುವುದಿಲ್ಲ. ಸತ್ತವನಿಗೆ ಅವನ ನಾಡಿನದೇ ಕಲ್ಲಿರಲಿ ಎಂದು ಯಾರೋ ತೋಟದಿಂದ ತಂದು ನಿಲ್ಲಿಸಿರಬಹುದು. ಆದರೆ ಎದುರು ಪಕ್ಷ ಎತ್ತದ ಪ್ರಶ್ನೆಯನ್ನು ನಾವಾಗಿ ಎತ್ತಬಾರದೆಂದು ಚರ್ಚಾಸ್ಪರ್ಧೆ ನನಗೆ ಕಲಿಸಿತ್ತು. ಕಾಲ್‌ನಲ್ಲಿ ಅದಕ್ಕಾಗಿ ಕಾದೆ; ಮೋರಾಗ್ ಕೇಳಲಿಲ್ಲ. ವರದಿಯಲ್ಲಿ ‘ಸಮಾಧಿಯಲ್ಲ’ ಎಂದು ಬರೆದೆ. ಕ್ರೇನ್ ಬಂದು ಕಲ್ಲನ್ನೆತ್ತಿತು. ಬುಡವನ್ನು ಯಾರೂ ಪರೀಕ್ಷಿಸಲಿಲ್ಲ. ಪರೀಕ್ಷಿಸಿ ಎಂದು ನಾನೂ ಬರೆದಿರಲಿಲ್ಲ.

ವಿಲ್ಲಾದ ಔತಣದಲ್ಲಿ ನನ್ನ ಸನ್ಮಾನ ನಡೆಯಿತು. ಈಜುಕೊಳದ ಪಕ್ಕ ನೀಲಿ ದೀಪದಲ್ಲಿ ಕಲ್ಲು ನಿಂತಿತ್ತು, ಅದರ ತಲೆಯ ಮೇಲೆ ಯಾರದೋ ಒದ್ದೆ ಟವೆಲ್. “ಏ, ಟವೆಲ್ ತಗೀರಿ, ಫೋಟೊ ಹೊಡಿಯೂಣು,” ಎಂದು ಪಾಟೀಲ್ ಸರ್ ಕೂಗಿದರು. ಫೋಟೊದಲ್ಲಿ ನಾನು ನಗುತ್ತಿದ್ದೇನೆ. ಅದನ್ನು ಊರಿಗೆ ಕಳಿಸುವ ಧೈರ್ಯ ನನಗೆ ಇನ್ನೂ ಬಂದಿಲ್ಲ.

ಮರುದಿನ ವರದಿಯನ್ನು ತಿದ್ದಬೇಕು ಎಂದೆ. “ಡೀಲ್ ಮುಗದೈತಿ. ಈಗ್ಯಾಕ ಕೆದಕ್ತಿ?” ಎಂದರು ಪಾಟೀಲ್ ಸರ್; ವರದಿ ಹಾಗೇ ಉಳಿಯಿತು. ಗೊತ್ತಿಲ್ಲದ್ದನ್ನು ಗೊತ್ತಿಲ್ಲ ಎಂದು ಬರೆಯುವುದೂ ವರದಿಯ ಭಾಗ ಎಂಬುದನ್ನು ಆ ಕೆಲಸ ನನಗೆ ಕಲಿಸಿತು, ಬೇರೆಯವರ ಖರ್ಚಿನಲ್ಲಿ.

ಕೊನೆಗೆ ಮೋರಾಗ್‌ಗೆ ನಾನೇ ಫೋನ್ ಮಾಡಿದೆ. ನನ್ನ ವಾದ ಎಲ್ಲಿ ಮುರಿಯುತ್ತಿತ್ತು, ಅವತ್ತು ಅವರು ಏನು ಕೇಳಬಹುದಿತ್ತು, ಎಲ್ಲವನ್ನೂ ಹೇಳಿದೆ. ಬೈಯುತ್ತಾರೆಂದುಕೊಂಡಿದ್ದೆ. ಆಕೆ ಪೂರ್ತಿ ಕೇಳಿಸಿಕೊಂಡರು.

“ಹಾಗಾದರೆ ಈಗ ಒಂದು ಕೇಳುತ್ತೇನೆ,” ಎಂದರು. “ನಿಮ್ಮ ನಾಡಿನಲ್ಲಿ ಇಂಥ ಕಲ್ಲುಗಳು ಊರೂರಿಗೂ ಇವೆ ಅಂದಿರಿ. ಅವಕ್ಕೆಲ್ಲ ಯಾರು ಹೂ ಇಡುತ್ತಾರೆ?”