ಹೆರಿಗೆ ಕೋಣೆಯಲ್ಲಿ ‘ಮುಕ್ಕು’

ಹೆರಿಗೆಗೆ ಮುಂಚೆ ಆಸ್ಪತ್ರೆಯವರು ನಮಗೊಂದು ಕ್ಲಾಸು ಇಟ್ಟಿದ್ದರು. ಹೆರುವುದಕ್ಕೂ ಕ್ಲಾಸು! ಮಸ್ಕತ್ತಿನ ಆ ಖಾಸಗಿ ಆಸ್ಪತ್ರೆಯ ಮೇಲ್ಮಹಡಿಯಲ್ಲಿ, ತುಂಬು ಬಸುರಿಯರನ್ನೆಲ್ಲ ದೊಡ್ಡ ದೊಡ್ಡ ರಬ್ಬರು ಚೆಂಡುಗಳ ಮೇಲೆ ಸಾಲಾಗಿ ಕೂರಿಸಿ, ಬಸಿರು ಅಂದರೇನೆಂದು ಪುಸ್ತಕದಲ್ಲಿ ಮಾತ್ರ ಕಂಡಿದ್ದ ಒಬ್ಬ ಸಪೂರ ಹುಡುಗಿ ಇಂಗ್ಲಿಷಿನಲ್ಲಿ ನಮಗೆ ಉಸಿರಾಡಲು ಕಲಿಸಿದಳು. ನೋವು ಅನ್ನಬಾರದಂತೆ, ಅಲೆ ಅನ್ನಬೇಕಂತೆ. ಅಲೆ ಬರುತ್ತದೆ, ಅಲೆ ಹೋಗುತ್ತದೆ, ನೀವು ಹಾಯಾಗಿ ತೇಲುತ್ತೀರಿ ಎಂದಳು. ನಾನು ಮಲ್ಪೆಯ ಕಡಲ ಪಕ್ಕದಲ್ಲಿ ಬೆಳೆದವಳು. ಅಲೆ ಅಂದರೇನೆಂದು ಇವಳು ನನಗೆ ಹೇಳಬೇಕೆ? ನಮ್ಮೂರಲ್ಲಿ ಅಲೆಗೆ ಸಿಕ್ಕವರನ್ನು ಬಲೆ ಹಾಕಿ ಹುಡುಕುತ್ತಾರೆ.

ಆ ಕ್ಲಾಸಿನಲ್ಲಿ ಮೊದಲ ರ್‍ಯಾಂಕು ಬಂದದ್ದು ನನ್ನ ಗಂಡ. ಪ್ಲಾಸ್ಟಿಕ್ ಗೊಂಬೆಗೆ ಡೈಪರು ತೊಡಿಸುವುದರಲ್ಲಿ ಅವರನ್ನು ಮೀರಿಸಿದವರಿಲ್ಲ. ಕೊನೆಗೆ ಅವರಿಗೆ ‘ಹೆರಿಗೆಯ ಜೊತೆಗಾರ’ ಎಂದು ಬಣ್ಣದ ಕಾಗದದಲ್ಲಿ ಸರ್ಟಿಫಿಕೇಟು ಕೊಟ್ಟರು. ಮನೆಗೆ ಬಂದದ್ದೇ ಅದನ್ನು ಫ್ರಿಜ್ಜಿನ ಮೇಲೆ ಅಂಟಿಸಿದರು. ಒಂಬತ್ತು ತಿಂಗಳು ವಾಂತಿ ಮಾಡಿದವಳು ನಾನು, ಸರ್ಟಿಫಿಕೇಟು ಅವರಿಗೆ. ಸಾಲದ್ದಕ್ಕೆ ಮೊಬೈಲಿಗೆ ಹೆರಿಗೆ ನೋವಿನ ಲೆಕ್ಕ ಇಡುವ ಒಂದು ಆ್ಯಪು ಹಾಕಿಕೊಂಡು, ನಾನು ಕೆಮ್ಮಿದರೂ ಅದನ್ನು ಒತ್ತುತ್ತಿದ್ದರು.

ಅಲ್ ಗುಬ್ರಾದಲ್ಲಿ ನಾವಿದ್ದ ಫ್ಲ್ಯಾಟಿನ ಸುತ್ತಮುತ್ತ ಇದ್ದ ನಮ್ಮೂರ ಕಡೆಯ ಹೆಂಗಸರದ್ದೊಂದು ವಾಟ್ಸಾಪ್ ಗುಂಪಿತ್ತು. ಅವರದ್ದು ಇನ್ನೊಂದು ಕಾಟ. ಆಸ್ಪತ್ರೆಯ ಊಟದ ಮೆನುವಿನಲ್ಲಿ ಯಾವ ಸೂಪು ಒಳ್ಳೆಯದು, ಮಗುವಿನ ಹೆಸರಿನ ಬಲೂನು ಯಾರು ಮಾಡಿಕೊಡುತ್ತಾರೆ, ಹೆತ್ತ ಮೇಲೆ ಫೋಟೋಕ್ಕೆ ಯಾವ ಬಣ್ಣದ ನೈಟಿ ಚೆನ್ನ, ಎಲ್ಲ ಹೇಳಿದರು. ಹೆರುವುದು ಹೇಗಿರುತ್ತದೆ ಎಂದು ಕೇಳಿದರೆ ಮಾತ್ರ ಒಬ್ಬೊಬ್ಬರೂ ನಗುವ ಮುಖ ಕಳಿಸಿ ಜಾರಿಕೊಂಡರು. ಛೀ, ಇವರಿಂದ ಮೂರು ಕಾಸಿನ ಪ್ರಯೋಜನವಿಲ್ಲ ಎಂದು ನಾನು ಆ ಗುಂಪಿನ ಸದ್ದು ಬಂದ್ ಮಾಡಿಬಿಟ್ಟೆ.

ನನಗೆ ಬೇಕಾಗಿದ್ದದ್ದು ಒಂದೇ. ಹೆರುವಾಗ ಅಮ್ಮ ಪಕ್ಕದಲ್ಲಿರಬೇಕು. ಸೂಪು, ಬಲೂನು, ಅಲೆ ಎಲ್ಲ ಹಾಳಾಗಿ ಹೋಗಲಿ, ಅಮ್ಮನ ಕೈ ನನ್ನ ಕೈಯಲ್ಲಿರಬೇಕು. ಅದಕ್ಕೊಂದು ಕಾರಣವಿತ್ತು. ಅಮ್ಮ ನನ್ನನ್ನು ಹೆತ್ತದ್ದು ಊರಿನ ಸರಕಾರಿ ಆಸ್ಪತ್ರೆಯಲ್ಲಿ. ನಾನು ಸಣ್ಣವಳಿದ್ದಾಗಿನಿಂದ ಕೋಪ ಬಂದಾಗಲೆಲ್ಲ ಅವಳು ಅದನ್ನೇ ಎತ್ತುತ್ತಿದ್ದಳು: “ನಿನ್ನ ಹೆರುವಾಗ ಬಾಗಿಲ ಹತ್ರ ಸಹ ಒಂದು ನರಪಿಳ್ಳೆ ಇರ್ಲಿಲ್ಲ. ಮಂಚದ ಕಬ್ಬಿಣದ ಸರಳು ಹಿಡ್ಕೊಂಡು ಹೆತ್ತದ್ದು ನಾನು, ಗೊತ್ತುಂಟಾ?” ಕೇಳಿ ಕೇಳಿ ಆ ಸರಳಿನ ತಣ್ಪು ನನ್ನ ಅಂಗೈಗೇ ತಿಳಿದ ಹಾಗಾಗಿತ್ತು. ನಾನು ಮಾತ್ರ ಹಾಗೆ ಹೆರುವುದಿಲ್ಲ ಎಂದು ಗಟ್ಟಿ ಮಾಡಿಕೊಂಡಿದ್ದೆ.

ಅಮ್ಮ ವಿಸಿಟ್ ವೀಸಾದಲ್ಲಿ ಬಂದಿಳಿದಳು. ಓಮ, ಮೆಂತೆ, ಕರಿಮೆಣಸು, ತೆಂಗಿನೆಣ್ಣೆ, ಮಗುವಿಗೆ ಸುತ್ತಲು ತೊಳೆದು ಮೆತ್ತಗಾದ ಹಳೇ ಸೀರೆಗಳು, ಇಡೀ ಸೂಟ್‌ಕೇಸು ಬಾಣಂತಿಯ ವಾಸನೆ ಹೊಡೆಯುತ್ತಿತ್ತು. ಈ ದೇಶದಲ್ಲಿ ಅವಳು ಮೆಚ್ಚಿದ್ದು ಮತ್ರಾ ಪೇಟೆಯ ಲೋಬಾನ ಒಂದನ್ನೇ. ಮಗುವಿಗೆ ಹೊಗೆ ಹಾಕಲು ಭಾರೀ ಒಳ್ಳೆಯದಂತೆ. ಆಸ್ಪತ್ರೆಯನ್ನು ತೋರಿಸಲು ಕರೆದುಕೊಂಡು ಹೋದೆವು. ಹೊಳೆಯುವ ನೆಲ, ಸೋಫಾ, ಹೂದಾನಿ ನೋಡಿ, “ಇದೆಂತ ಮಾರಾಯ್ತಿ, ಹೋಟೆಲಾ? ಹೆರುವ ಜಾಗ ಎಲ್ಲುಂಟು?” ಎಂದು ಕೇಳಿದಳು.

ಅಲ್ಲಿಯೇ ತೊಡಕು ಸುರುವಾದದ್ದು. ಹೆರಿಗೆ ಕೋಣೆಗೆ ಜೊತೆಗೆ ಒಬ್ಬರನ್ನು ಮಾತ್ರ ಬಿಡುವುದು ಎಂದು ಕೌಂಟರಿನ ಹುಡುಗಿ ಹೇಳಿದಳು. ನನ್ನ ಗಂಡ ಎದೆ ಮುಂದೆ ಮಾಡಿ ನಿಂತರು.

“ನೀವಲ್ಲ. ಅಮ್ಮ,” ಎಂದೆ.

“ಎಂತ ಹೇಳ್ತಿ ನೀನು? ಕ್ಲಾಸಿಗೆ ಹೋದದ್ದು ನಾನು. ಟ್ರೈನಿಂಗ್ ಆದದ್ದು ನಂಗೆ.”

“ಟ್ರೈನಿಂಗ್ ಆದದ್ದು ಗೊಂಬೆ ಹೆರ್ಲಿಕ್ಕೆ. ನೀವು ಹೊರಗೆ ಕೂತು ಆ್ಯಪು ಒತ್ತಿ.”

ಅವರು ಕಾರಿನ ಬಾಗಿಲನ್ನು ಧಡ್ಡೆಂದು ಎಳೆದುಕೊಂಡು ಗಾಡಿ ಬಿಟ್ಟರು. ಅಮ್ಮ ಹಿಂದಿನ ಸೀಟಿನಿಂದ, “ಅವರಿಗೆ ಬೇಜಾರಾಯ್ತು ಕಾಣ್ತದೆ, ಅವರೇ ಬರ್ಲಿ ಬಿಡು,” ಎಂದಳು. ನಾನು ಬಗ್ಗಲಿಲ್ಲ. ಬೇಜಾರು ನಾಳೆ ಹೋಗುತ್ತದೆ, ಹೆರಿಗೆ ಇನ್ನೊಮ್ಮೆ ಬೇಕೆಂದರೂ ನನಗೆ ಬೇಡ.

ನೋವು ಬಂದದ್ದು ಒಂದು ಬೆಳಿಗ್ಗೆ, ದೋಸೆಗೆ ಕೈ ಹಾಕುವ ಮೊದಲು. ಆಸ್ಪತ್ರೆಗೆ ಹೋದ ಕೂಡಲೇ ಮೈಗೆಲ್ಲ ವಯರು ಅಂಟಿಸಿ ಮಲಗಿಸಿದರು. ಏನೂ ತಿನ್ನಬಾರದು, ಕುಡಿಯಬಾರದು. ಮೆನು ಕಾರ್ಡು ಮಾತ್ರ ತಲೆಯ ಬಳಿಯೇ ಚೆಂದಕ್ಕೆ ನಿಂತಿತ್ತು, ಸೂಪಿನ ಚಿತ್ರ ಸಮೇತ. ಡಾಕ್ಟರಮ್ಮ ಆಗಾಗ ಸೆಂಟು ಘಮಘಮಿಸುತ್ತ ಬಂದು, ನನ್ನ ಮುಖ ನೋಡದೆ ಮೆಷೀನಿನ ಮುಖ ನೋಡಿ, “ಗುಡ್, ವೆರಿ ಗುಡ್,” ಎಂದು ಮೆಷೀನಿಗೇ ಹೇಳಿ ಹೋಗುತ್ತಿದ್ದರು. ಅಲೆಯಂತೆ ಅಲೆ! ಸೊಂಟವನ್ನು ಯಾರೋ ಎರಡೂ ಕಡೆಯಿಂದ ಹಿಡಿದು ಬಟ್ಟೆ ಹಿಂಡಿದ ಹಾಗೆ ಹಿಂಡುತ್ತಿದ್ದರು. ಆ ಸಪೂರ ಹುಡುಗಿ ಕೈಗೆ ಸಿಕ್ಕಿದ್ದರೆ ಅವಳ ರಬ್ಬರು ಚೆಂಡನ್ನು ಅವಳ ತಲೆಗೇ ಎಸೆಯುತ್ತಿದ್ದೆ.

ಅಮ್ಮ ಇದ್ದಳು, ಅದೊಂದೇ ಸಮಾಧಾನ. ಆಸ್ಪತ್ರೆಯ ಹಸಿರು ಗೌನು ತೊಟ್ಟು, ತಲೆಗೆ ಟೊಪ್ಪಿ ಹಾಕಿಕೊಂಡು, ನನ್ನ ಕೈ ಬಿಡದೆ ನಿಂತಿದ್ದಳು. ಅವಳ ತಲೆಯಲ್ಲಿ ಕೊರೆಯುತ್ತಿದ್ದದ್ದು ಒಂದೇ ವಿಷಯ. “ಬೆಳಗ್ಗಿಂದ ಒಂದು ಗುಟುಕು ನೀರು ಸಹ ಕೊಡ್ಲಿಲ್ಲ ಇವರು. ಖಾಲಿ ಹೊಟ್ಟೆಯಲ್ಲಿ ಹೆರುದು ಹೇಗೆ?” ಎಂದು ಹತ್ತು ಸಲ ಹೇಳಿದಳು.

ನನ್ನನ್ನು ನೋಡಿಕೊಳ್ಳುತ್ತಿದ್ದ ಸಿಸ್ಟರ್ ಕೇರಳದವರು. ಮಸ್ಕತ್ತಿನಲ್ಲಿ ಇಷ್ಟು ವರ್ಷ ಅಂಗಡಿ, ಆಫೀಸು ಎಂದು ಅವರ ನಡುವೆಯೇ ಇದ್ದುದರಿಂದ ನನಗೂ ಹರಕು ಮಲಯಾಳಂ ಬರುತ್ತಿತ್ತು. ಸ್ವಲ್ಪ ಚೆನ್ನಾಗಿ ನೋಡಿಕೊಳ್ಳಲಿ ಎಂಬ ಆಸೆಗೆ ಬೆಳಿಗ್ಗೆಯೇ “ಚೇಚಿ” ಎಂದು, ಅಂದರೆ ಅಕ್ಕ ಎಂದು ಕರೆದು ನಾಲ್ಕು ಮಾತಾಡಿದ್ದೆ. ಅವರು ನನಗೆ ಮಲಯಾಳಂ ಪೂರ್ತಿ ಬರುತ್ತದೆ ಎಂದೇ ತಿಳಿದುಕೊಂಡಿದ್ದರು.

ಮಧ್ಯಾಹ್ನ ದಾಟಿದ ಮೇಲೆ ಆ ಹೊತ್ತು ಬಂತು. ಡಾಕ್ಟರಮ್ಮ ಗ್ಲೌಸು ಹಾಕಿ ನಿಂತರು. ಸಿಸ್ಟರ್ ನನ್ನ ಭುಜ ಒತ್ತಿ ಹಿಡಿದು ಗಟ್ಟಿಯಾಗಿ ಕೂಗಿದರು: “ಮುಕ್ಕು ಮೋಳೇ, ಮುಕ್ಕು!”

ಮೋಳೇ ಅಂದರೆ ಮಗಳೇ, ಅದು ಗೊತ್ತಿತ್ತು. ಆದರೆ ಮುಕ್ಕು? ನಮ್ಮಲ್ಲಿ ತಿನ್ನುವುದಕ್ಕೆ ಆ ಮಾತು ಆಡುವುದು ಬೈಯುವಾಗ ಮಾತ್ರ. ನಾಲ್ಕು ಹೊತ್ತೂ ಗಬಗಬ ತಿನ್ನುವವರಿಗೆ ‘ಮುಕ್ಕು’ ಅನ್ನುತ್ತೇವೆ. ಆ ನೋವಿನಲ್ಲೂ ನನಗೆ ಮೈಯೆಲ್ಲ ಉರಿಯಿತು. ಅಮ್ಮನಿಗಂತೂ ಕೇಳುವುದೇ ಬೇಡ.

“ಹೋಯ್! ಯಾರಿಗೆ ಹೇಳುದು ಮುಕ್ಕು ಅಂತ?” ಅಮ್ಮ ನನ್ನ ಕೈ ಬಿಟ್ಟು ಸಿಸ್ಟರ್ ಕೈ ಹಿಡಿದು ಎಳೆದಳು. “ಬೆಳಗ್ಗಿಂದ ಉಪವಾಸ ಹಾಕಿದ್ದೀರಿ, ಈಗ ಮುಕ್ಕು ಅಂತೆ ಮುಕ್ಕು! ಎಂತ ಮುಕ್ಕುದು ಅವಳು, ನಿನ್ನ ತಲೆಯಾ?”

ಸಿಸ್ಟರಿಗೆ ಕನ್ನಡ ಬಾರದು. ಅವರು ಅಮ್ಮನನ್ನು ಕೊಡವಿಕೊಂಡು ಇನ್ನೂ ಜೋರಾಗಿ, “ಮುಕ್ಕು, ಮುಕ್ಕು!” ಎಂದರು. ಅಮ್ಮ ಇನ್ನೂ ಜೋರಾಗಿ ಬೈದಳು. ಡಾಕ್ಟರಮ್ಮ ಮೊದಲ ಸಲ ಮೆಷೀನಿನಿಂದ ಮುಖ ಎತ್ತಿ, ಬಾಗಿಲ ಕಡೆಗೆ ಬೆರಳು ತೋರಿಸಿದರು. ಒಬ್ಬ ಒಮಾನಿ ದಾದಿ ಅಮ್ಮನ ಭುಜಕ್ಕೆ ಕೈ ಹಾಕಿ, “ಖಲಾಸ್ ಮಾಮಾ, ಖಲಾಸ್. ಯಲ್ಲಾ,” ಎಂದು, ಸಾಕಮ್ಮ ನಡಿ ಅನ್ನುವ ಹಾಗೆ ಹೊರಗೆ ಕರೆದುಕೊಂಡು ಹೋದಳು. ನಾನು ಬೇಡ ಬೇಡ ಎಂದು ಕಿರುಚಿದೆ. ಅದನ್ನೂ ಹೆರಿಗೆಯ ಕಿರುಚಾಟವೆಂದೇ ಅವರು ಲೆಕ್ಕ ಹಿಡಿದಿರಬೇಕು. ಬಾಗಿಲು ಮುಚ್ಚಿತು.

ಈಗ ಬೇಕಾದರೆ ಗಂಡ ಬರಬಹುದು ಎಂದರು. ಗಂಡನನ್ನು ಹುಡುಕಿದರೆ ಜೊತೆಗಾರ ಎಲ್ಲಿ? ಕೆಳಗೆ ಕ್ಯಾಂಟೀನಿನಲ್ಲಿ ಕೂತು ಪೊರೋಟ ಮುಕ್ಕುತ್ತಿದ್ದರು.

ನನ್ನ ಕೈ ಖಾಲಿಯಾಗಿತ್ತು. ತಡಕಿದಾಗ ಸಿಕ್ಕಿದ್ದು ಮಂಚದ ಸರಳು. ಇಲ್ಲಿಯದು ಸ್ಟೀಲು, ಅಷ್ಟೇ ವ್ಯತ್ಯಾಸ. ತಣ್ಪು ಮಾತ್ರ ಅದೇ. ಇಷ್ಟೆಲ್ಲ ಹಟ ಮಾಡಿ, ಗಂಡನ ಮುನಿಸು ಕಟ್ಟಿಕೊಂಡು, ಅಮ್ಮನನ್ನು ಕಡಲಾಚೆಯಿಂದ ಕರೆಸಿ, ಕಡೆಗೆ ಅವಳ ಹಾಗೆಯೇ ಸರಳು ಹಿಡಿದು ಮಲಗಿದೆನಲ್ಲ ಎಂದು ಅಳು ಒತ್ತರಿಸಿ ಬಂತು. ಸಿಸ್ಟರ್ ಈಗ ಪುಶ್ ಪುಶ್ ಎಂದು ಇಂಗ್ಲಿಷಿನಲ್ಲಿ ಹೇಳುತ್ತಿದ್ದರು. ಅರ್ಥವೇನೋ ಆಯಿತು. ಆದರೆ ನನ್ನಲ್ಲಿ ತ್ರಾಣವೇ ಉಳಿದಿರಲಿಲ್ಲ. ಆಗುವುದಿಲ್ಲ, ಏನು ಬೇಕಾದರೂ ಮಾಡಿಕೊಳ್ಳಿ ಎಂದು ಕಣ್ಣು ಮುಚ್ಚಿದೆ.

ಹೊರಗೆ ನಡೆದದ್ದು ನನಗೆ ಆಮೇಲೆ ತಿಳಿಯಿತು. ಬೆಂಚಿನಲ್ಲಿ ಸೊಸೆಯ ಹೆರಿಗೆಗೆ ಕಾಯುತ್ತಿದ್ದ ಮಲಯಾಳಿ ಹೆಂಗಸೊಬ್ಬಳಿಗೆ ಅಮ್ಮ ತನ್ನ ದೂರನ್ನೆಲ್ಲ ಒಪ್ಪಿಸಿದ್ದಳು. ಆಕೆಗೆ ಅರ್ಥವಾದದ್ದು ‘ಮುಕ್ಕು’ ಒಂದೇ. ಆಕೆ ಎದ್ದು ನಿಂತು, ಎರಡೂ ಕೈ ಮುಷ್ಟಿ ಮಾಡಿ, ಮುಖ ಕೆಂಪಾಗುವಷ್ಟು ತಿಣುಕಿ ತೋರಿಸಿ, “ಮುಕ್ಕು! ಮುಕ್ಕು!” ಎಂದಳಂತೆ. ಅವರ ಭಾಷೆಯಲ್ಲಿ ಮುಕ್ಕು ಅಂದರೆ ತಿಣುಕು. ಅದು ತಲೆಗೆ ಹೋದದ್ದೇ ಅಮ್ಮ ಬಾಗಿಲಿಗೆ ಓಡಿದಳಂತೆ.

ನನಗೆ ಕೇಳಿಸಿದ್ದು ಬಾಗಿಲಿಗೆ ಬಿದ್ದ ಗುದ್ದು. ಆಮೇಲೆ ಇಡೀ ಆಸ್ಪತ್ರೆಗೆ ಕೇಳುವ ಹಾಗೆ, ನಮ್ಮ ಕಡಲ ದಡದಲ್ಲಿ ದೋಣಿಗೆ ಕೇಳಲೆಂದು ಕೂಗುವ ಸ್ವರದಲ್ಲಿ, ಅಮ್ಮ: “ಮುಕ್ಕು ಮಗಾ! ಮುಕ್ಕು! ನಾನಿಲ್ಲೇ ಇದ್ದೇನೆ, ಮುಕ್ಕು!”

ಅಮ್ಮ ಹೆರುವಾಗ ಬಾಗಿಲಾಚೆ ಯಾರೂ ಇರಲಿಲ್ಲ. ನಾನು ಸರಳು ಹಿಡಿದು ಮುಕ್ಕಿದೆ.

ಮಗಳು ಹುಟ್ಟಿದಳು. ಅಳುವನ್ನು ಕೇಳಿದ ಮೇಲೆ ಅಮ್ಮನನ್ನು ಒಳಗೆ ಬಿಟ್ಟರು. ಗಂಡನೂ ಬಾಯಿ ಒರೆಸಿಕೊಳ್ಳುತ್ತ ಬಂದು, ಮೊಬೈಲು ಎತ್ತಿ ಮಗುವಿನ ಕಡೆ ಓಡಿದರು. ಅಮ್ಮ ಮಗುವಿನ ಕಡೆ ತಿರುಗಲೂ ಇಲ್ಲ. ನೇರ ನನ್ನ ಹತ್ತಿರ ಬಂದು, ಸರಳಿನಿಂದ ನನ್ನ ಬೆರಳುಗಳನ್ನು ಒಂದೊಂದಾಗಿ ಬಿಡಿಸಿ ತನ್ನ ಕೈಯಲ್ಲಿ ಇಟ್ಟುಕೊಂಡಳು. ನನ್ನ ಒಣಗಿದ ತುಟಿ ನೋಡಿದಳು. ಆಮೇಲೆ ಸಿಸ್ಟರ್ ಕಡೆ ತಿರುಗಿ ಹೇಳಿದಳು:

“ಇನ್ನಾದ್ರೂ ಇವಳಿಗೆ ಮುಕ್ಕಲಿಕ್ಕೆ ಎಂತಾದ್ರೂ ಕೊಡು ಮಾರಾಯ್ತಿ.”