ವಿಭೂತಿ ಹಚ್ಚಿದ ಕ್ಯಾಮೆರಾ

ಬೈಲಹೊಂಗಲದ ಪೇಟೆಯಲ್ಲಿ ಪಾತ್ರೆ ಮಾರುವ ನನ್ನದೊಂದು ಬಾಂಡೆ ಅಂಗಡಿ. ಅಲ್ಲಿ ನಾಲ್ಕು ಕ್ಯಾಮೆರಾಗಳಿವೆ, ಅವು ಕಂಡದ್ದನ್ನೆಲ್ಲ ತುಂಬಿಕೊಳ್ಳುವ ಒಂದು ಪೆಟ್ಟಿಗೆಯೂ ಇದೆ. ಹಾಕಿಸಿ ಮೂರು ವರ್ಷವಾಗಿದ್ದರೂ ಅದರೊಳಗೆ ಏನಿದೆ ಎಂದು ನಾನು ಒಮ್ಮೆಯೂ ನೋಡಿರಲಿಲ್ಲ. ಕಳ್ಳರು ಕ್ಯಾಮೆರಾ ನೋಡಲಿ ಎಂದು ಹಾಕಿಸಿದ್ದೇ ಹೊರತು ನಾನು ನೋಡಲಿ ಎಂದಲ್ಲ.

ಬಾಗಿಲ ಪಕ್ಕ ಕುಳಿತು ಬಾಂಡೆಗಳ ಮೇಲೆ ಹೆಸರು ಕೊರೆಯುವ ಹೆಣ್ಣುಮಗಳೊಬ್ಬರಿದ್ದರು. ನನಗಿಂತ ನಾಲ್ಕು ವರ್ಷ ಹಿರಿಯರು, ಅಕ್ಕಾರ ಎಂದು ಕರೆಯುತ್ತಿದ್ದೆ. ಹನ್ನೊಂದು ವರ್ಷದಿಂದ ಅದೇ ಜಾಗ, ಅದೇ ಮಣೆ. ಪೆನ್ನಿನಂಥ ಕರೆಂಟಿನ ಮಷೀನು ಮಾತ್ರ ಅವರ ಸ್ವಂತದ್ದು. ಸುತ್ತಲಿನ ಎಷ್ಟೋ ಮದುವೆಗಳಲ್ಲಿ ಗಂಡು ಹೆಣ್ಣಿನ ಹೆಸರು ಮೊದಲು ಅಕ್ಕಪಕ್ಕ ಬಂದದ್ದು ಅವರ ಕೈಯಲ್ಲೇ.

ದಸರೆ ಮುಗಿದು ಎರಡು ವಾರಕ್ಕೆ ಸುರೇಬಾನದಿಂದ ಒಂದು ಮನೆಯವರು ಮದುವೆಯ ಬಾಂಡೆ ಕೊಳ್ಳಲು ಬಂದರು. ಜೊತೆಗೆ ಹಳೆಯದೊಂದು ಬೆಳ್ಳಿಯ ಕುಂಕುಮದ ಬಟ್ಟಲು ತಂದಿದ್ದರು, ಅದರ ಮೇಲೂ ಮದುಮಗಳ ಹೆಸರು ಬೇಕಿತ್ತು. ಅಕ್ಕಾರು ಹೆಸರು ಹಾಕಿಕೊಟ್ಟರು. ಕೊಡ, ಪರಾತ, ಡಬ್ಬಿಗಳನ್ನೆಲ್ಲ ಒಂದರೊಳಗೊಂದು ಇಟ್ಟು, ಗೋಣಿ ತಟ್ಟಿನಲ್ಲಿ ಕಟ್ಟಿ, ಬಾಯಿ ಹೊಲಿದು ಕಳಿಸಿದೆವು.

ಮರುದಿನ ಅಂಗಡಿ ತೆರೆಯುವುದಕ್ಕೂ ಅವರ ಮನೆಯ ಅಜ್ಜಿಯ ಫೋನು ಬರುವುದಕ್ಕೂ ಸರಿಹೋಯಿತು. "ಬೆಳ್ಳಿ ಬಟ್ಟಲಾ ಎಲ್ಲೂ ಸಿಗವಲ್ದರಿ. ನಮ್ಮತ್ತಿ ಕಾಲದ್ದರಿ ಅದು. ನಿಮ್ಮಲ್ಲೇ ಹೆಸರ ಹಾಕಾಕ ಕೊಟ್ಟಿದ್ವಿ." ಕಟ್ಟಿದ ಬಾಂಡೆಯಲ್ಲಿ ನೋಡಿದಿರಾ ಎಂದರೆ, ಪೂಜೆ ಮಾಡದೆ ಮದುವೆಯ ಬಾಂಡೆ ಬಿಚ್ಚುವುದಿಲ್ಲ ಎಂದರು.

ಫೋನು ಇಟ್ಟ ಮೇಲೆ ನಾನು ಮಾಡಿದ್ದು ಇಷ್ಟೇ. ಇಬ್ಬರು ಗಿರಾಕಿಗಳ ಎದುರಿಗೆ, "ಅಕ್ಕಾರ, ನಿಮ್ಮ ಚೀಲಾ ಒಂದ್ಸಲ ತೋರಸ್ರಿ" ಎಂದೆ.

ಅವರು ಚೀಲವನ್ನು ನಾನು ಕೂರುವ ಗಲ್ಲೆಯ ಮೇಜಿನ ಮೇಲೆ ಬೋರಲು ಹಾಕಿದರು. ಬುತ್ತಿ ಡಬ್ಬಿ, ಬಾಚಣಿಕೆ, ಬಿಪಿ ಗುಳಿಗೆ, ಬಸ್ಸಿನಲ್ಲಿ ತೋರಿಸುವ ಆಧಾರ್ ಕಾರ್ಡು. ಎಲ್ಲವನ್ನೂ ಮತ್ತೆ ತುಂಬಿಕೊಂಡು, "ಆ ಪೆಟಿಗಿಯೊಳಗ ಎಲ್ಲಾ ಇರತೈತೆಲ್ಲರಿ, ತಗದ ನೋಡ್ರಿ. ನೀವ ನೋಡೂತನಕ ನಾ ಒಳಗ ಬರಂಗಿಲ್ಲ" ಎಂದು ಹೊರಗೆ ಕಟ್ಟೆಯ ಮೇಲೆ ಹೋಗಿ ಕುಳಿತರು.

ನಾನು ಪೆಟ್ಟಿಗೆಗೆ ಜೋಡಿಸಿದ ಟಿವಿಯ ಮುಂದೆ ಕುಳಿತೆ. ಹಿಂದಿನ ದಿನದ ತಾರೀಖು ಒತ್ತಿದರೆ ಏನೂ ಇಲ್ಲ ಎಂದಿತು. ಅದರ ಹಿಂದಿನದು ಒತ್ತಿದೆ, ಅದೂ ಇಲ್ಲ. ದಸರೆಯಿಂದ ಈಚೆಗೆ ನಮ್ಮ ಅಂಗಡಿಯೇ ಇರಲಿಲ್ಲ ಎಂಬಂತೆ ಹೇಳುತ್ತಿತ್ತು. ಹೊರಗೆ, ಹೋಗಿ ಬರುವವರೆಲ್ಲ "ಯಾಕ್ರಿ ಅಕ್ಕಾರ, ಹೊರಗ ಕುಂತೀರಿ?" ಎಂದು ಕೇಳುತ್ತಿದ್ದರು. "ಸಾವಕಾರ್ರು ಟಿವಿ ನೋಡಾಕ ಹತ್ತ್ಯಾರ" ಎಂದು ಅವರು ಪೇಟೆಗೆಲ್ಲ ಕೇಳುವಂತೆ ಉತ್ತರ ಕೊಡುತ್ತಿದ್ದರು. ನನಗೆ ಸಿಟ್ಟು ಬಂತು, ಮೌಸನ್ನು ಎರಡು ಸಲ ಕುಕ್ಕಿದೆ.

ಕ್ಯಾಮೆರಾ ಹಾಕಿದ ಯರಗಟ್ಟಿಯವನಿಗೆ ಫೋನು ಹಚ್ಚಿದರೆ, ಅವನು ಕಿತ್ತೂರಿನಲ್ಲಿ ಹೈವೇ ಪಕ್ಕದ ಯಾವುದೋ ಹೊಟೇಲಿನ ಏಣಿ ಮೇಲಿದ್ದ.

"ಪೂಜಿಗೆ ಬಂದ್ ಮಾಡಿದ್ರೇನ್ರಿ?"

"ಖಂಡಿ ಪೂಜಿ ದಿನಾ ಅದಕ್ಕೂ ಸೂಟಿ ಕೊಟ್ಟಿದ್ವಿ."

"ಹಂಗಾರ ಒಳಗಿನ ಗಡಿಯಾರದ ಸೆಲ್ ಸತ್ತೈತ್ರಿ. ತಿರುಗಿ ಚಾಲೂ ಮಾಡಿದ ಕೂಡ್ಲೇ ಅದು ಎರಡ ಸಾವಿರದ ಇಸ್ವಿ ಜನವರಿ ಒಂದಕ್ಕ ಹೋಗಿ ಕುಂತೈತಿ. ಅಲ್ಲೇ ಹುಡಕ್ರಿ."

ತಪ್ಪು ನಮ್ಮದೇ. ಖಂಡೇ ಪೂಜೆ, ಅಂದರೆ ಆಯುಧಪೂಜೆಯ ದಿನ ತಕ್ಕಡಿಗೂ ಕತ್ತರಿಗೂ ವಿಶ್ರಾಂತಿ ಕೊಡುವ ನಾವು ಪೆಟ್ಟಿಗೆಗೆ ಕೊಡದಿದ್ದರೆ ಹೇಗೆ? ಮರುದಿನ ಬೆಳಿಗ್ಗೆ ಹತ್ತಕ್ಕೆ ಚಾಲು ಮಾಡಿದ್ದೆ. ಅದರ ಲೆಕ್ಕದಲ್ಲಿ ಅದು ಮಧ್ಯರಾತ್ರಿ ಹನ್ನೆರಡು. ಬೆರಳು ಮಡಚಿ ಎಣಿಸಿದೆ. ಸುರೇಬಾನದವರು ಬಂದ ಮಧ್ಯಾಹ್ನ ಮೂರೂವರೆ, ಪೆಟ್ಟಿಗೆಯ ಪ್ರಕಾರ ಜನವರಿ ಹದಿನೈದರ ಬೆಳಗಿನ ಐದೂವರೆ. ಇಷ್ಟು ತಿಳಿಯುವಷ್ಟರಲ್ಲಿ ಸಂಜೆಯಾಗಿತ್ತು. ಅಕ್ಕಾರು ಕಟ್ಟೆಯಿಂದಲೇ ಎದ್ದು ಮನೆಗೆ ಹೋದರು. ಮಾರನೆಯ ದಿನ ಬೆಳಿಗ್ಗೆ ಬಂದು ಅಲ್ಲೇ ಕುಳಿತರು.

ಹುಡುಕುವಾಗ ಲೆಕ್ಕ ತಪ್ಪಿ, ಇಡೀ ಅಂಗಡಿಯನ್ನು ದೂರದಿಂದ ತೋರಿಸುವ ಕ್ಯಾಮೆರಾದಲ್ಲಿ ಬೇರೆ ದಿನಗಳನ್ನೂ ನೋಡಿದೆ. ದಿನಾ ಮಧ್ಯಾಹ್ನ ನಾನು ಗಲ್ಲೆಯ ಮೇಲೆ ಒಂದೂವರೆ ತಾಸು ನಿದ್ದೆ ಮಾಡುತ್ತೇನೆ ಎಂದು ಗೊತ್ತಾಯಿತು. ಹದಿನಾರು ಪಟ್ಟು ವೇಗದಲ್ಲಿ ಓಡಿಸಿದರೂ ನನ್ನ ನಿದ್ದೆಯಲ್ಲಿ ಏನೂ ಫರಕು ಕಾಣಲಿಲ್ಲ. ಆ ಒಂದೂವರೆ ತಾಸು ಅಂಗಡಿಯನ್ನು ಕಾಯ್ದವರು ಅಕ್ಕಾರು. ಗಿರಾಕಿ ಬಂದರೆ ಅವರೇ ಎದ್ದು ಬಂದು ನನ್ನನ್ನು ಎಬ್ಬಿಸುತ್ತಿದ್ದರು.

ಕೊನೆಗೆ ಆ ದಿನ ಸಿಕ್ಕಿತು. ಆದರೆ ಗಲ್ಲೆಯನ್ನು ಹತ್ತಿರದಿಂದ ತೋರಿಸುವ ಕ್ಯಾಮೆರಾದ ಗಾಜಿಗೆ ಪೂಜೆಯ ದಿನ ನಾನೇ ಮೂರು ಬೆರಳು ವಿಭೂತಿ ಎಳೆದದ್ದು ಅಳಿಸಿರಲಿಲ್ಲ. ಮಸುಕಾದ ಮೂರು ಬಿಳಿ ಪಟ್ಟಿಗಳು, ಅವುಗಳ ಹಿಂದೆ ಎಲ್ಲರ ಮುಖವೂ ಮಾಯ. ಕೆಳಗೆ ಗಲ್ಲೆ ಮತ್ತು ಅದರ ಮೇಲೆ ಆಡುವ ಕೈಗಳಷ್ಟೇ ಕಾಣುತ್ತಿದ್ದವು. ಬಳೆ ತೊಟ್ಟ ಎರಡು ಕೈಗಳು ಬಟ್ಟಲನ್ನು ಪೇಪರಿನಲ್ಲಿ ಸುತ್ತಿ ಗಲ್ಲೆಯ ಮೇಲಿಟ್ಟು ಹೋದವು. ಅವು ಅಕ್ಕಾರ ಕೈಗಳು. ಸ್ವಲ್ಪ ಹೊತ್ತಿಗೆ ಇನ್ನೊಂದು ಕೈ ಬಂದು ಪುಡಿಕೆಯನ್ನು ಎತ್ತಿಕೊಂಡಿತು. ಸಿಕ್ಕಿದ ಕಳ್ಳ ಎಂದು ಎದ್ದೇ ನಿಂತೆ. ಆ ಕೈ ಪುಡಿಕೆಯನ್ನು ತಾಮ್ರದ ಕೊಡದೊಳಗೆ ಹಾಕಿ ಮುಚ್ಚಳ ಮುಚ್ಚಿತು. ಉಂಗುರದ ಬೆರಳಿನಲ್ಲಿ ಹವಳ ಇತ್ತು. ನಾನು ನನ್ನ ಬೆರಳು ನೋಡಿಕೊಂಡೆ.

ಆಗ ನೆನಪಾಯಿತು. ಬರಿಯ ಕೊಡ ಮನೆಗೆ ಒಯ್ಯಬಾರದು ಎಂದು ನಾವು ಒಂದು ಹಿಡಿ ಜೋಳ ಹಾಕಿ ಕೊಡುತ್ತೇವೆ. ಅಂದು ಜೋಳ ತೀರಿತ್ತು. ಕೈಗೆ ಸಿಕ್ಕ ಪುಡಿಕೆಯನ್ನು ಅಡಿಕೆಯದು ಎಂದುಕೊಂಡು ಜೋಳದ ಬದಲು ಹಾಕಿದ್ದೆ. ಅಂಗೈ ಹುಣ್ಣಿಗೆ ಕನ್ನಡಿ ಬೇಕೇ ಅನ್ನುತ್ತಾರೆ. ನನಗೆ ನಾಲ್ಕು ಕ್ಯಾಮೆರಾ ಬೇಕಾಯಿತು.

ಸುರೇಬಾನಕ್ಕೆ ಫೋನು ಮಾಡಿದೆ. ಅಜ್ಜಿ ದೇವರಿಗೆ ಕೈಮುಗಿದು ಹೊಲಿಗೆ ಬಿಚ್ಚಿಸಿದರಂತೆ. ಬಟ್ಟಲು ಕೊಡದಲ್ಲೇ ಇತ್ತು.

ಹೊರಗೆ ಬಂದೆ. ನಾಚಿಕೆಯಿಂದ ಮುಖ ಎತ್ತಲಾಗಲಿಲ್ಲ. "ಅಕ್ಕಾರ, ಸಿಕ್ತರಿ. ನಂದ ತಪ್ಪು. ಒಳಗ ಬಂದ ನೋಡ್ರಿ, ಎಲ್ಲಾ ಕಾಣತೈತಿ" ಎಂದೆ.

"ನಾ ಯಾಕ ನೋಡ್ಲಿರಿ, ನಾ ಅಲ್ಲೇ ಇದ್ನೆಲ್ಲ" ಎಂದರು. ಸೆರಗು ಸರಿಮಾಡಿಕೊಂಡು ಎದ್ದರು. "ನೀವೂ ಅಲ್ಲೇ ಇದ್ರೆಲ್ಲರಿ, ಹನ್ನೊಂದ ವರ್ಷ."

ಒಳಗೆ ಬಂದರು, ಮಷೀನಿನ ವಾಯರು ಸುತ್ತಿಕೊಂಡು ಚೀಲದಲ್ಲಿಟ್ಟರು, ಹೊರಟರು.

ಈಗ ಅವರು ಎದುರಿನ ಬಾಂಡೆ ಅಂಗಡಿಯಲ್ಲಿ ಕೂರುತ್ತಾರೆ. ಹೆಸರು ಹಾಕಿಸಬೇಕೆಂದವರನ್ನು ನಾನೇ ಅಲ್ಲಿಗೆ ಕಳಿಸುತ್ತೇನೆ. ಇಲ್ಲಿಂದ ಯಾಕೆ ಬಿಟ್ಟರು ಎಂದು ಕೇಳಿದವರಿಗೆ, ಚೀಲ ತೋರಿಸಿ ಅಂದೆ, ಅದಕ್ಕೇ ಎಂದು ಹೇಳುತ್ತೇನೆ.